ಹುಲ್ಲುಸೀಮೆಯ ಮಡಿ

ಜಯನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಮೊಮ್ಮಗಳು ಆಟಕ್ಕೆಂದು ಒಂದು ನಾಡನ್ನೇ ಕಲ್ಪಿಸಿದ್ದಳು: ಮರವಿಲ್ಲದ, ನದಿಯಿಲ್ಲದ, ಕಣ್ಣು ಹಾಯುವಷ್ಟೂ ಹುಲ್ಲೇ ಹಬ್ಬಿದ ಸೀಮೆ. ಅಲ್ಲಿ ಕುದುರೆ ಸಾಕುವ ಅವಳ ಪುಟ್ಟ ಕುಲವನ್ನು ಗೆಳತಿಯ ದೊಡ್ಡ ದಂಡು ಇನ್ನೇನು ಅಳಿಸಿಹಾಕುವುದರಲ್ಲಿತ್ತು. ಪೂಜೆಗೆಂದು ಮಡಿಯುಟ್ಟು ಕುಳಿತಿದ್ದ ನಾನು ಆ ಕುಲಕ್ಕೊಂದು ಆಚಾರವನ್ನು ದಯಪಾಲಿಸಿದೆ.

"ಪೂಜೆ ಮುಗಿಯೋವರೆಗೂ ಅವ್ರು ಮಡೀಲಿರ್ತಾರೆ. ಮುಟ್ಟಿದ್ರೆ ಇಬ್ರೂ ಸ್ನಾನ ಮಾಡ್ಬೇಕು. ಅಲ್ಲಿ ನೀರೆಲ್ಲಿದೆ?"

"ಇದು ಚೀಟಿಂಗ್ ತಾತ!" ಎಂದ ಗೆಳತಿ ಕ್ಷಣಕಾಲ ಯೋಚಿಸಿ, ಪರಮ ವಿನಯದಿಂದ ಬಂದು ನನ್ನ ಪಾದಗಳನ್ನೇ ಮುಟ್ಟಿ ನಮಸ್ಕರಿಸಿದಳು. ರೂಢಿಯಂತೆ ನನ್ನ ಬಾಯಿ "ವಿಜಯೀಭವ" ಎಂದುಬಿಟ್ಟಿತು.

"ಅಯ್ಯೋ ತಾತ, ನನ್ ಕುಲ ಹೋಯ್ತು!" ಎಂದು ಮೊಮ್ಮಗಳು ಚೀರಿದಳು.

ನನ್ನ ಮಡಿಯೂ ಹೋಗಿತ್ತು. ಮತ್ತೆ ಸ್ನಾನಕ್ಕೆ ಎದ್ದೆ.