ಜೇಬಿನಲ್ಲಿದ್ದ ಬಿಳಿ ಹುಳು

ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ಮಾಗಡಿ ತಾಲ್ಲೂಕಿನಲ್ಲಿ, ಕುದೂರಿನಲ್ಲಿ ಬಸ್ಸಿಳಿದು ಮೂರು ಮೈಲಿ ನಡೆಯಬೇಕಾದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ವಯಸ್ಸು ನಲವತ್ತನಾಲ್ಕು. ಹದಿನೆಂಟು ವರ್ಷ ಸರ್ವಿಸಾಗಿತ್ತು. ಮಕ್ಕಳನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸಣ್ಣ ಜಂಬವೂ ಇತ್ತು. ಆ ಜಂಬ ಇಳಿದದ್ದು ಒಂದು ಹುಳು ಮನೆಯಲ್ಲಿ.

ಹುಳು ಮನೆ ಎಂದರೆ ರೇಷ್ಮೆ ಹುಳು ಸಾಕುವ ಕೋಣೆ. ರೇಷ್ಮೆಗೆ ಆಗ ಭಾರಿ ಕಾಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ನಡುಮನೆಯಲ್ಲಿ ಬಿದಿರಿನ ತಟ್ಟೆಗಳ ಸ್ಟ್ಯಾಂಡು, ಜಗಲಿಯಲ್ಲಿ ಮನುಷ್ಯರು. ಹುಳು ಮೊಟ್ಟೆಯೊಡೆದು ಬಂದು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮೊದಲು ಸೊಪ್ಪು ಮುಟ್ಟದೆ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹುಳಕ್ಕೆ ವಿಪರೀತ ಹಸಿವು. ಆ ವಾರ ಮನೆಯಲ್ಲಿ ಕೈ ಇದ್ದವರೆಲ್ಲ ಸೊಪ್ಪು ಕೊಯ್ಯಬೇಕು, ಹಾಕಬೇಕು. ನನ್ನ ಹಾಜರಿ ಪುಸ್ತಕ ನೋಡಿದರೆ ಸಾಕು, ಯಾವ ಊರಿನಲ್ಲಿ ಹುಳು ಎಷ್ಟನೇ ಜ್ವರದಲ್ಲಿದೆ ಎಂದು ಹೇಳಿಬಿಡಬಹುದಿತ್ತು.

ಆ ಡಿಸೆಂಬರಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಫಾರಂ ತುಂಬುವ ಸಮಯ. ಒಂದು ಸೋಮವಾರ ಹೆಡ್‌ಮಾಸ್ಟರು ಗೈರುಹಾಜರಾದವರ ಪಟ್ಟಿ ಕೊಟ್ಟು, ಮುಂದಿನ ವಾರ ಬುಧವಾರದೊಳಗೆ ಇವರು ಬಂದು ಸಹಿ ಹಾಕದಿದ್ದರೆ ಈ ವರ್ಷ ಕೂರುವಂತಿಲ್ಲ ಎಂದರು. ಪಟ್ಟಿಯಲ್ಲಿ ಜಯಲಕ್ಷ್ಮಿಯ ಹೆಸರಿತ್ತು. ನನ್ನ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುವ ಹುಡುಗಿ. ‘ನಮ್ಮ ಮನೆ’ ಎಂಬ ಪ್ರಬಂಧದಲ್ಲಿ ಎಲ್ಲರೂ ಹೆಂಚು, ಬಾಗಿಲು, ಕಿಟಕಿ ಲೆಕ್ಕ ಮಾಡಿದ್ದರೆ ಅವಳು, ‘ಹುಳು ಜ್ವರಕ್ಕೆ ಕೂತಾಗ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಅಪ್ಪ ಬೈಯುವುದನ್ನೂ ಹೊರಗೆ ಹೋಗಿ ಬೈಯುತ್ತಾನೆ’ ಎಂದು ಬರೆದಿದ್ದಳು. ಅದನ್ನು ಸ್ಟಾಫ್ ರೂಮಿನಲ್ಲಿ ಎರಡು ಸಲ ಓದಿ ಹೇಳಿದ್ದೆ.

ಅವತ್ತೇ ಮಧ್ಯಾಹ್ನ ಹೊರಟೆ. ದಾರಿಯಲ್ಲಿ ಮೊದಲು ಸಿಕ್ಕಿದ್ದು ಪಟ್ಟಿಯಲ್ಲಿದ್ದ ಇನ್ನೊಬ್ಬ ಹುಡುಗನ ಮನೆ. ಅವನ ತಂದೆ ಗಂಗಣ್ಣ ಹಿತ್ತಿಲಿನಲ್ಲಿ ಗುಂಡಿ ತೋಡುತ್ತಿದ್ದ. ಪಕ್ಕದಲ್ಲಿ ಒಂದು ಬಿದಿರಿನ ಬುಟ್ಟಿ, ಮಂಕರಿ. ಅದರ ತುಂಬ ಬೆರಳುದ್ದದ ಬಿಳಿ ತುಂಡುಗಳು. ಬಗ್ಗಿ ನೋಡಿದೆ. ಹುಳುಗಳು! ಸತ್ತು, ಸೆಟೆದು, ಮೈಯೆಲ್ಲ ಬೆಳ್ಳಗಾಗಿದ್ದವು.

‘ಇದೇನ್ ಗಂಗಣ್ಣ?’

‘ಸುಣ್ಣಕಟ್ಟು ರೋಗ ಮೇಷ್ಟ್ರೇ. ಊರೋರ್ಗೆಲ್ಲ ಸಾರ್‌ಬೇಡಿ ಮತ್ತೆ, ನಂ ಕಡೆ ಸೊಪ್ಪು ಕೊಡಾಕೂ ಯಾರೂ ಬರಾಕಿಲ್ಲ’ ಎಂದ ಅವನು, ನಾನೊಂದನ್ನು ಕೈಗೆತ್ತಿಕೊಂಡಿದ್ದು ಕಂಡು ಕಹಿಯಾಗಿ ನಕ್ಕ. ‘ನಿಮ್ ಚಾಕ್‌ಪೀಸ್ ಇದ್ದಂಗೇ ಐತಲ್ವಾ? ತಗಂಡೋಗಿ, ಬೋರ್ಡ್ ಮೇಲೆ ಬರೀರಿ.’

ನಿಜಕ್ಕೂ ಹಾಗೇ ಇತ್ತು. ನನಗೊಂದು ಚಟ. ದಾರಿಯಲ್ಲಿ ಏನು ಸಿಕ್ಕರೂ, ಹಾವಿನ ಪೊರೆ, ಗೀಜಗನ ಗೂಡು, ತರಗತಿಗೆ ಒಯ್ದು ಮೇಜಿನ ಮೇಲಿಟ್ಟು ಇದರ ಬಗ್ಗೆ ಹತ್ತು ಸಾಲು ಬರೆಯಿರಿ ಎನ್ನುವುದು. ಆ ಹುಳುವನ್ನೂ ಅಂಗಿಯ ಜೇಬಿಗೆ ಹಾಕಿಕೊಂಡೆ. ಜೇಬಿನಲ್ಲಿ ಎಂದಿನಂತೆ ಎರಡು ಸೀಮೆಸುಣ್ಣದ ತುಂಡುಗಳಿದ್ದವು. ಬೆರಳಿಗೆ ಬಿಳಿ ಪುಡಿ ಹತ್ತಿತು. ಹದಿನೆಂಟು ವರ್ಷದಿಂದ ದಿನಾ ಹತ್ತುವ ಪುಡಿ. ಪಂಚೆಗೆ ಒರೆಸಿಕೊಂಡು ನಡೆದೆ.

ಜಯಲಕ್ಷ್ಮಿಯ ಮನೆ ಅಲ್ಲಿಂದ ಅರ್ಧ ಮೈಲಿ. ಬಾಗಿಲಿನಲ್ಲಿ ಅವಳ ಅಜ್ಜಿ ನಂಜಮ್ಮ ಬಕೆಟ್ಟಿಟ್ಟುಕೊಂಡು ಕೂತಿದ್ದರು. ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರಿನ ನೀರು.

‘ಕಾಲ್ ತೊಳ್ಕಂಡ್ ಬನ್ನಿ ಮೇಷ್ಟ್ರಪ್ಪ. ದೇವ್ರೇ ಬಂದ್ರೂವೆ ಇಲ್ಲಿ ಕಾಲ್ ತೊಳೀಬೇಕು.’

ತೊಳೆದೆ. ಎರಡು ಸಲ ತೊಳೆದೆ. ಅಜ್ಜಿಗೆ ಬಹಳ ಸಂತೋಷವಾಯಿತು.

ಒಳಗೆ ಜಯಲಕ್ಷ್ಮಿ ಒಬ್ಬಳೇ ತಟ್ಟೆಯಿಂದ ತಟ್ಟೆಗೆ ಓಡಾಡಿ ಸೊಪ್ಪು ಹಾಕುತ್ತಿದ್ದಳು. ಅವಳ ತಾಯಿ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಬಲಗೈಗೆ ಕಟ್ಟು ಹಾಕಿಸಿಕೊಂಡು ಮೂಲೆಯಲ್ಲಿ ಕೂತಿದ್ದರು. ಹುಳು ಹಿಂದಿನ ದಿನವಷ್ಟೇ ನಾಲ್ಕನೇ ಜ್ವರ ಎದ್ದಿತ್ತು. ತಿನ್ನುವ ಸದ್ದು ಪರೀಕ್ಷೆಯ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಹಾಳೆ ಮಗುಚಿದಂತೆ ಕೇಳುತ್ತಿತ್ತು. ಅವಳ ತಂದೆ ಮರಿಯಣ್ಣ ತೋಟದಿಂದ ಸೊಪ್ಪಿನ ಹೊರೆ ಹೊತ್ತು ತಂದು ಇಳಿಸಿದರು.

‘ಓದೋಳ್ ಓದ್ಲಿ ಮೇಷ್ಟ್ರೇ, ನಾನೇನ್ ಬ್ಯಾಡ ಅಂದೀನಾ? ಇವ್ರವ್ವನ್ ಕೈ ನೋಡಿ, ಮುರ್ಕಂಡ್ ಕುಂತವಳೆ. ಸೊಪ್ಪು ಯಾರ್ ಹಾಕೋರು? ನೀವ್ ಹಾಕೀರಾ?’

ತಮಾಷೆಗೆ ಕೇಳಿದ ಮಾತು. ನಾನು, ‘ಹಾಕ್ತೀನಿ’ ಎಂದುಬಿಟ್ಟೆ. ‘ದಿನಾ ಸ್ಕೂಲು ಬಿಟ್ಟ ಮೇಲೆ ಬಂದು ಒಂದು ಗಂಟೆ ನಾನು ಸೊಪ್ಪು ಹಾಕ್ತೀನಿ. ಆ ಒಂದು ಗಂಟೆ ಅವಳು ಕೂತು ಓದಬೇಕು. ಹುಳು ಗೂಡಿಗೆ ಬಿಟ್ಟ ಮೇಲೆ ಸ್ಕೂಲಿಗೆ ಬಂದು ಫಾರಂಗೆ ಸಹಿ ಹಾಕಬೇಕು.’

ಅಜ್ಜಿ ಬಾಗಿಲಿನಿಂದಲೇ ನಕ್ಕರು. ‘ಆಯ್ತು ಬುಡಪ್ಪ, ಗೌರ್ಮೆಂಟ್ ಸಂಬಳದ ಆಳು ಸಿಕ್ತು ನಮ್ಗೆ.’

ಜೇಬಿನಿಂದ ಸೀಮೆಸುಣ್ಣ ತೆಗೆದು, ಬಾಗಿಲ ಹಿಂದಿನ ಹಲಗೆಯ ಮೇಲೆ ಹಳಗನ್ನಡದ ಒಂದು ಸಾಲು ಬರೆದು ಲಘು ಗುರು ಹಾಕು ಎಂದು ಅವಳಿಗೆ ಹೇಳಿದೆ. ಅದೇ ಕೈಯಲ್ಲಿ ಸೊಪ್ಪು ಬಾಚಿ ತಟ್ಟೆಗಳಿಗೆ ಹರವಿದೆ. ಎಷ್ಟು ಖುಷಿಯಾಗಿತ್ತು! ನನ್ನ ಬೆರಳ ಕೆಳಗೆ ಹುಳುಗಳು ತಲೆಯೆತ್ತಿ ಎಲೆಯಂಚು ಹಿಡಿಯುವುದು, ಬೆನ್ನ ಹಿಂದೆ ಒಬ್ಬ ಹುಡುಗಿ ಲಘು, ಗುರು ಎಂದು ಗುನುಗುವುದು. ಮೇಷ್ಟ್ರ ಕೆಲಸವೆಂದರೆ ಇದೇ ಅಲ್ಲವೇ ಎಂದು ಮನಸ್ಸಿನೊಳಗೆ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೂರು ದಿನ ಹಾಗೇ ಹೋದೆ. ಮಂಗಳವಾರ ಬಿಳಿ ಹುಳುವನ್ನು ತರಗತಿಯಲ್ಲಿ ತೋರಿಸಿ ಬರೆಸಿದ್ದೂ ಆಯಿತು. ಆಮೇಲೆ ಉತ್ತರ ಪತ್ರಿಕೆ ತಿದ್ದುವ ಕೆಲಸ ಬಂದು ಎರಡು ದಿನ ಹೋಗಲಾಗಲಿಲ್ಲ. ಶನಿವಾರ ಮಧ್ಯಾಹ್ನ ಹೋದಾಗ ಬಾಗಿಲಿನಲ್ಲಿ ಬಕೆಟ್ಟಿರಲಿಲ್ಲ.

ಜಯಲಕ್ಷ್ಮಿ ಜಗಲಿಯ ತುದಿಯಲ್ಲಿ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು.

‘ಒಳಕ್ ಹೋಗ್ಬೇಡಿ ಸಾ.’

ಮರಿಯಣ್ಣ ಒಂದು ತಟ್ಟೆ ಹೊತ್ತು ತಂದು ನನ್ನ ಮುಂದೆ ಇಳಿಸಿದರು. ಅರ್ಧದಷ್ಟು ಹುಳು ಸತ್ತು ಸೆಟೆದುಕೊಂಡಿದ್ದವು. ಕೆಲವು ಆಗಲೇ ಬೆಳ್ಳಗಾಗತೊಡಗಿದ್ದವು. ಗೂಡಿಗೆ ಬಿಡಲು ಇನ್ನು ಎರಡೇ ದಿನ ಇತ್ತು. ಬಿಡಬೇಕಿದ್ದ ಚಂದ್ರಿಕೆಗಳು, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ದೊಡ್ಡ ಚಾಪೆಗಳು, ತೊಳೆದು ಗೋಡೆಗೆ ಒರಗಿಸಿದ್ದು ಹಾಗೇ ಬಿಸಿಲು ಕಾಯುತ್ತಿದ್ದವು.

‘ಯಾರ್ ಮಾಡಿದ್ದು ಅಂತ ನಂಗೊತ್ತು’ ಎಂದರು ನಂಜಮ್ಮ. ಬೆರಳು ಮೊಮ್ಮಗಳ ಕಡೆಗಿತ್ತು. ‘ಹೊರಗಾಗಿದ್ಲು. ಹೇಳ್ದೆ ಮುಚ್ಚಿಟ್ಕಂಡು ಹುಳದ್ ಮನೆಗ್ ಬಂದ್ಬುಟ್ಟವಳೆ. ಹೇಳಿದ್ರೆ ಓದಾಕ್ ಒಳಗೆ ಕೂರ್ಸಾಕಿಲ್ಲ ಅಂತ. ಮೈಲಿಗೆ ಮಾಡಿ ಬೆಳೆ ತಿಂದ್ಬುಟ್ಲು.’

‘ಇಲ್ಲ ಕಣಜ್ಜಿ...’

‘ಬಾಯ್ ಮುಚ್ಚು.’

ಮರಿಯಣ್ಣ ನನ್ನ ಮುಖ ನೋಡದೆ ಹೇಳಿದರು: ‘ಇಸ್ಕೂಲು ಸಾಕು ಮೇಷ್ಟ್ರೇ. ಚನ್ನಪಟ್ಣದಲ್ಲಿ ನಮ್ಮಕ್ಕನ ಮನೆಗ್ ಕಳುಸ್ತೀನಿ. ನೂಲ್ ಬಿಚ್ಚಾದ್ನಾದ್ರೂ ಕಲೀಲಿ.’

ನನ್ನ ಕೈ ತಾನಾಗಿಯೇ ಅಂಗಿಯ ಜೇಬು ಮುಟ್ಟಿಕೊಂಡಿತ್ತು. ಸಮಾಧಾನದ ಎರಡು ಮಾತೂ ಆಡದೆ ಕಳ್ಳನ ಹಾಗೆ ಅಲ್ಲಿಂದ ಹೊರಟುಬಂದೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮಾರನೇ ದಿನ ಭಾನುವಾರ. ಕುದೂರಿನಲ್ಲಿ ಪರಿಚಯದ ರೇಷ್ಮೆ ಇನ್‌ಸ್ಪೆಕ್ಟರೊಬ್ಬರ ಮನೆಗೆ ಹೋದೆ. ಯಾರೋ ಒಬ್ಬರ ವಿಷಯವೆಂಬಂತೆ ಕೇಳಿದೆ. ಅವರು ಕಾಫಿ ಕೊಟ್ಟು ವಿವರಿಸಿದರು.

‘ಅದು ಬೂಷ್ಟು ಸಾರ್. ಸತ್ತ ಹುಳದ ಮೇಲೆ ಬಿಳೀ ಪುಡಿ ಇರುತ್ತಲ್ಲ, ಅದೇ ಬೀಜ. ಚಳೀಲಿ, ತೇವದಲ್ಲಿ ಬೇಗ ಹಬ್ಬುತ್ತೆ. ಹುಳದ ಮೈಗೆ ತಾಗಿದ್ರೆ ಸಾಕು, ನಾಲ್ಕೈದು ದಿನದಲ್ಲಿ ಮುಗೀತು.’

‘ಮುಟ್ಟಾದ ಹೆಂಗಸರು ಹುಳು ಮನೆಗೆ ಹೋದರೆ?’

‘ಅಯ್ಯೋ, ಏನೂ ಆಗಲ್ಲ. ಅದೆಲ್ಲ ನಂಬಿಕೆ.’

‘ಆ ಪುಡಿ ಕೈಗೆ ಹತ್ತಿದ್ದವನು ಸೊಪ್ಪು ಹಾಕಿದರೆ?’

ಅವರು ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. ಅರ್ಥವಾಯಿತೆಂದು ಕಾಣುತ್ತದೆ. ‘ಅದ್ರಿಂದ್ಲೇ ಬಂತು ಅಂತ ಪ್ರಮಾಣ ಮಾಡಕ್ಕಾಗಲ್ಲ ಸಾರ್. ಗಾಳೀಲೂ ಬರುತ್ತೆ, ಮಂಕರೀಲೂ ಬರುತ್ತೆ. ಆದ್ರೆ ಅದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ.’

ವಾಪಸು ನಡೆದು ಬರುವಾಗ ‘ಪ್ರಮಾಣ ಮಾಡಕ್ಕಾಗಲ್ಲ’ ಎಂಬ ಮಾತು ಬಹಳ ಹಿತವಾಗಿತ್ತು. ಅದನ್ನು ಹಿಡಿದುಕೊಂಡರೆ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಬೆಳೆ ಹೇಗೂ ಹೋಗಿದೆ, ಹೇಳಿದರೆ ವಾಪಸು ಬರುತ್ತದೆಯೇ? ಊರೂರಿಗೂ ಸುದ್ದಿ ಹಬ್ಬಿ ನನ್ನನ್ನು ಬಾಗಿಲಿಗೆ ಸೇರಿಸುವವರು ಯಾರು? ಹೀಗೆಲ್ಲ ವಾದ ಹೂಡಿಕೊಂಡು ಎರಡು ಮೈಲಿ ನಡೆದೆ. ದಾರಿ ಬದಿಯ ಹಿಪ್ಪುನೇರಳೆ ತೋಟದಲ್ಲಿ ಯಾವುದೋ ಹುಡುಗಿ ಸೊಪ್ಪು ಕೊಯ್ಯುತ್ತಿದ್ದಳು. ಮುಖ ಕಾಣಲಿಲ್ಲ, ಕೈ ಮಾತ್ರ ಚಕಚಕ ಓಡುತ್ತಿತ್ತು. ಅವತ್ತು ಲಘು ಗುರು ಹಾಕಿದ ಮೇಲೆ ಜಯಲಕ್ಷ್ಮಿ ಕೇಳಿದ್ದು ನೆನಪಾಯಿತು: ‘ಸಾ, ಹಳೇ ಕಾಲದವರು ಬರೀಬೇಕಾದ್ರೆ ತಪ್ಪಾದ್ರೆ ಏನ್ ಮಾಡ್ತಿದ್ರು?’ ನಾನು ಏನೋ ಜಾಣ ಉತ್ತರ ಕೊಟ್ಟು ನಗಿಸಿದ್ದೆ.

ಸೋಮವಾರ ರಜೆ ಹಾಕಿ ಬೆಳಿಗ್ಗೆಯೇ ಹೋದೆ. ಮರಿಯಣ್ಣ ಖಾಲಿ ತಟ್ಟೆಗಳನ್ನು ಬಾವಿಯ ಬಳಿ ಉಜ್ಜುತ್ತಿದ್ದರು. ನಂಜಮ್ಮ ಜಗಲಿಯಲ್ಲಿದ್ದರು. ಜಯಲಕ್ಷ್ಮಿಯ ಬಟ್ಟೆಯ ಚೀಲ ಕಟ್ಟಿ ಬಾಗಿಲ ಪಕ್ಕ ಇಟ್ಟಿತ್ತು. ನಾನು ಅಂಗಳದಲ್ಲೇ ನಿಂತು, ಗಂಗಣ್ಣನ ಹೆಸರೆತ್ತದೆ, ದಾರಿಯಲ್ಲಿ ರೋಗದ ಹುಳು ಕೈಗೆತ್ತಿಕೊಂಡದ್ದು, ಜೇಬಿಗೆ ಹಾಕಿಕೊಂಡದ್ದು, ಅದೇ ಕೈಯಲ್ಲಿ ಸೊಪ್ಪು ಹರವಿದ್ದು, ಇನ್‌ಸ್ಪೆಕ್ಟರು ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಮರಿಯಣ್ಣನ ಕೈ ತಟ್ಟೆಯ ಮೇಲೆ ನಿಂತಿತು.

‘ನೀವ್ ಹೇಳ್ದೇ ಇದ್ದಿದ್ರೆ ನಮ್ಗ್ ಗೊತ್ತಾಯ್ತಿತ್ತಾ ಮೇಷ್ಟ್ರೇ?’ ಎಂದರು ಮರಿಯಣ್ಣ.

‘ಇಲ್ಲ.’

‘ಮತ್ಯಾಕ್ ಹೇಳುದ್ರಿ?’

‘ಮಗು ಮೇಲೆ ಹಾಕಿದ್ದೀರಲ್ಲ. ಅದಕ್ಕೆ.’

ಅವರು ಉಜ್ಜುತ್ತಿದ್ದ ತಟ್ಟೆಯನ್ನು ನೆಲಕ್ಕೆ ಅಪ್ಪಳಿಸಿದರು. ನನ್ನ ಮೇಲೇ ಕೈ ಮಾಡುತ್ತಾರೆ ಎಂದುಕೊಂಡೆ. ಮಾಡಿದ್ದರೆ ಒಳ್ಳೆಯದಿತ್ತು. ‘ಇಪ್ಪತ್ತೈದ್ ದಿನ, ಮೇಷ್ಟ್ರೇ. ಇಪ್ಪತ್ತೈದ್ ದಿನ ನಾವ್ ನೆಟ್ಟಗ್ ಕಣ್ ಮುಚ್ಚಿಲ್ಲ’ ಎಂದಷ್ಟೇ ಹೇಳಿ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು.

ನಂಜಮ್ಮ ನಿಧಾನವಾಗಿ ಎದ್ದರು. ನನ್ನ ಹತ್ತಿರ ಬಂದು ನನ್ನ ಬಲಗೈಯನ್ನು ಎತ್ತಿ, ತಿರುವಿ ನೋಡಿದರು. ಉಗುರ ಸಂದಿಯಲ್ಲಿ ಸೀಮೆಸುಣ್ಣವಿತ್ತು.

‘ಕಾಲ್ ತೊಳುಸ್ದೆ. ಕೈ ತೊಳುಸ್ನಿಲ್ಲ ನಾನು. ಮೇಷ್ಟ್ರ ಕೈ ಅಲ್ವಾ, ಅಂದ್ಕಂಡೆ.’

ಅಷ್ಟು ಹೇಳಿ, ಮೊಮ್ಮಗಳನ್ನು ನೋಡದೆ ಚೀಲವನ್ನು ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದ ಗಂಟು ಬಿಚ್ಚುವ ಸದ್ದು, ಪೆಟ್ಟಿಗೆಯ ಮುಚ್ಚಳ ತೆರೆಯುವ ಸದ್ದು ಕೇಳಿತು. ಅವಳಿಗೆ ಕ್ಷಮಿಸು ಎಂದು ಅವರು ಹೇಳಿದ್ದನ್ನು ನಾನು ಕೇಳಲಿಲ್ಲ.

ಮರಿಯಣ್ಣ ತಲೆಯೆತ್ತಿದರು. ‘ಬುಧ್ವಾರ ಬತ್ತಾಳೆ, ಅದೇನ್ ಸೈನ್ ಹಾಕ್ಸ್ಕಬೇಕೋ ಹಾಕ್ಸ್ಕಳಿ. ಮನೆಯೆಲ್ಲ ತೊಳ್ದು ಇನ್ನೊಂದ್ ಬೆಳೆ ಇಕ್ತೀವಿ. ನೀವ್ ಮಾತ್ರ ಒಸ್ಲು ದಾಟ್ಬೇಡಿ.’

ದಾಟಲಿಲ್ಲ. ಮುಂದಿನ ಎರಡು ಬೆಳೆಗೂ ಸೊಪ್ಪಿನ ಹೊತ್ತಿಗೆ ಹೋಗಿ ಕಿಟಕಿಯ ಹೊರಗೆ ಜಗಲಿಯಲ್ಲಿ ಕೂತು ಪಾಠ ಹೇಳಿದೆ. ಒಳಗೆ ಅವಳು ಸೊಪ್ಪು ಹಾಕುತ್ತ ಉತ್ತರ ಹೇಳುತ್ತಿದ್ದಳು. ಹುಳು ಜ್ವರಕ್ಕೆ ಕೂತ ದಿನಗಳಲ್ಲಿ ಇಬ್ಬರೂ ಪಿಸುಮಾತಿನಲ್ಲಿ. ಗಂಗಣ್ಣನಿಗೂ ಒಂದು ದಿನ ಹೇಳಿದೆ. ಅವನು ತಲೆ ತಗ್ಗಿಸಿ, ‘ಹುಳ ಕೈಗ್ ತಗಂಡಾಗ್ಲೇ ನಿಮ್ಮನ್ನ ತಡೀಬೇಕಿತ್ತು ನಾನು’ ಎಂದ. ಮುಂದೆ ರೋಗ ಬಂದಾಗ ಅವನೇ ಊರಿನಲ್ಲಿ ಮೊದಲು ಹೇಳುವವನಾದ.

ಪರೀಕ್ಷೆಯ ಹಿಂದಿನ ದಿನ ಶಾಲೆಯಲ್ಲಿ ಹಾಲ್ ಟಿಕೆಟ್ ಹಂಚುತ್ತಿದ್ದೆ. ಸಾಲಿನಲ್ಲಿ ಜಯಲಕ್ಷ್ಮಿಯ ಸರದಿ ಬಂತು. ಕೈ ಚಾಚಿದವಳು ತಟ್ಟನೆ ಹಿಂದಕ್ಕೆ ಎಳೆದುಕೊಂಡು ನನ್ನ ಬೆರಳುಗಳನ್ನೇ ನೋಡಿದಳು.

‘ಸಾ, ಕೈ ತೊಳ್ದಿದ್ದೀರಾ?’

ತುಟಿಯಲ್ಲಿ ನಗುವಿತ್ತು. ಆ ಡಿಸೆಂಬರಿನ ನಂತರ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸಾಲಿನಲ್ಲಿದ್ದವರಿಗೆ ಏನೂ ತಿಳಿಯಲಿಲ್ಲ. ನಾನು ಎದ್ದು ಹೊರಗೆ ಹೋಗಿ, ನೀರಿನ ಡ್ರಮ್ಮಿನ ಬಳಿ ಎರಡೂ ಕೈ ತೊಳೆದು, ಒರೆಸಿಕೊಂಡು ಬಂದು ಹಾಲ್ ಟಿಕೆಟ್ ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಆಮೇಲೆ ಹದಿನಾಲ್ಕು ವರ್ಷ ನಾನು ಸರ್ವಿಸಿನಲ್ಲಿದ್ದೆ. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದನ್ನು ಬಿಡಲಿಲ್ಲ. ಆದರೆ ಪ್ರತಿ ಮನೆಯ ಬಾಗಿಲಿನಲ್ಲೂ ಒಂದು ಕ್ಷಣ ನಿಂತು, ಇವರ ಒಳ್ಳೆಯದಕ್ಕೆಂದು ಹೊರಟಿರುವ ನನ್ನ ಕೈಗೆ ಬೇರೆಲ್ಲಿಯದೋ ಏನು ಅಂಟಿದೆ ಎಂದು ನೋಡಿಕೊಳ್ಳುವುದನ್ನು ಕಲಿತೆ. ಸೀಮೆಸುಣ್ಣವನ್ನು ಮತ್ತೆಂದೂ ಜೇಬಿಗೆ ಹಾಕಲಿಲ್ಲ.