ಕಾಗದದಲ್ಲಿಲ್ಲದ ಊಟ

ಸೂಲಿಬೆಲೆಯ ನಮ್ಮ ಪೋಸ್ಟ್‌ಮ್ಯಾನ್ ಕಾಗದ ಒಡೆಯುವ ಮುನ್ನವೇ "ಎಲ್ಲಾ ಕ್ಷೇಮ ಕಣಮ್ಮಾ" ಎಂದುಬಿಡುತ್ತಿದ್ದರು. ಆಮೇಲೆ ಜಗಲಿಯಲ್ಲಿ ಕೂತು, ಓದು ಬಾರದ ನನ್ನಮ್ಮನಿಗೆ ನನ್ನ ಕಾಗದ ಓದಿ ಹೇಳುತ್ತಿದ್ದರು. ಪತ್ರಿಕೆಗಳಿಗೆ ಬರೆಯಲೆಂದು ಊರೂರು ಅಲೆಯುತ್ತಿದ್ದ ನಾನು ಕಂಡ ಊರು, ಮುಗಿಸಿದ ಲೇಖನ, ತಪ್ಪಿದ ರೈಲು ಎಲ್ಲವನ್ನೂ ಬರೆಯುತ್ತಿದ್ದೆ. ಊಟದ ಮಾತು ಮಾತ್ರ ಬರೆದವನಲ್ಲ.

ಒಮ್ಮೆ ಬೊಂಬಾಯಿಯಿಂದ ಹಾಕಿದ ಕಾಗದಕ್ಕಿಂತ ಮೊದಲು ನಾನೇ ಊರು ಸೇರಿದೆ. ಮರುದಿನ ಬೆಳಿಗ್ಗೆ ಒಳಗೆ ಮಲಗಿದ್ದಾಗ, ಜಗಲಿಯಲ್ಲಿ ಆ ಕಾಗದ ಓದುತ್ತಿದ್ದ ಪೋಸ್ಟ್‌ಮ್ಯಾನ್ ದನಿ ಕೇಳಿಸಿತು. ನಾನು ಬಂದಿರುವುದನ್ನು ಅಮ್ಮ ಅವರಿಗೆ ಹೇಳಿರಲಿಲ್ಲ.

"ಇಲ್ಲಿ ದಿನಾ ಬಿಸಿ ಮುದ್ದೆ, ಅವರೆಕಾಳು ಸಾರು ಉಣ್ತಾ ಇದೀನಿ."

ಬೊಂಬಾಯಿಯಲ್ಲಿ ಮುದ್ದೆ! ಎದ್ದು ಹೊರಗೆ ಬಂದೆ. ಅವರು ಒಂದಿಷ್ಟೂ ಅಳುಕಲಿಲ್ಲ.

"ಬರೀ ಕೆಲಸದ್ದೇ ಬರೀತೀರಲ್ಲ ಸ್ವಾಮಿ, ಮಗ ಉಂಡನಾ ಅಂತ ಅಮ್ಮ ಕೇಳಿದ್ರೆ ನಾನೇನು ಓದ್ಲಿ?"

ಮಧ್ಯಾಹ್ನ ಬಟವಾಡೆ ಮುಗಿಸಿ ಹಿಂದಿರುಗುತ್ತಿದ್ದವರನ್ನು ಅಮ್ಮ ಕರೆದು ಕೂರಿಸಿ ಅದೇ ಮುದ್ದೆ, ಅದೇ ಸಾರು ಬಡಿಸಿದಳು. ಎರಡನೆಯ ಮುದ್ದೆಗೂ ಅವರು ಬೇಡವೆನ್ನಲಿಲ್ಲ.

ಅವರು ಹೋದ ಮೇಲೆ, "ಊಟದ ಮಾತು ಅವರೇ ಸೇರಿಸಿ ಓದೋದು ನಿನಗೆ ಮೊದಲೇ ಗೊತ್ತಿತ್ತೇನಮ್ಮಾ?" ಎಂದೆ.

ಅಮ್ಮ ನಕ್ಕಳು. "ಆವಯ್ಯ ಬಾಯ್ಬಿಟ್ಟು ಇಂಥ ಅಡುಗೆ ಮಾಡಿ ಅಂತ ಕೇಳೋನಲ್ಲ ಕಣೋ. ನಿನ್ ಕಾಗದದಲ್ಲಿ ಕೇಳ್ತಾನೆ."