ಕ್ಯಾಪ್ಟನ್ ಕುಡಿದ ತಂಬಿಗೆ

ಆಗೆಲ್ಲ ದಾವಣಗೆರೆಯ ಗಾಳಿಗೇ ಮಂಡಕ್ಕಿ ಹುರಿದ ವಾಸನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಆ ಮಂಡಕ್ಕಿ ಭಟ್ಟಿಗಳಲ್ಲೇ ದುಡಿದು ಸ್ವಂತ ಮನೆ ಕಟ್ಟಿಸಿದವನು. ಪ್ರಜಾಪ್ರಭುತ್ವದ ಪಾಠ ಮಾತ್ರ ಅದಕ್ಕೂ ಮೊದಲೇ, ನಮ್ಮ ಹಳೇ ಮನೆಯ ಕಟ್ಟೆಯ ಮೇಲೆ ಆಗಿತ್ತು.

ದೊಡ್ಡವರು ಓಟು ಹಾಕಿ ಬಂದ ವಾರ ನಮಗೂ ಹುಚ್ಚು ಹಿಡಿಯಿತು. ಹರಿಹರದ ಹುಡುಗರೊಡನೆ ಹೊಳೆ ದಂಡೆಯಲ್ಲಿ ಕಬಡ್ಡಿ ಪಂದ್ಯ ಗೊತ್ತಾಗಿತ್ತು. ಕ್ಯಾಪ್ಟನ್ ಆರಿಸಲು ಎರಡು ತೆಂಗಿನ ಚಿಪ್ಪು ಇಟ್ಟು ತಲೆಗೊಂದು ಶೇಂಗಾ ಹಾಕಿದೆವು. ದಲಾಲಿ ಅಂಗಡಿಯವರ ಮಗ ಬಸವರಾಜನ ಚಿಪ್ಪಿನಲ್ಲಿ ಅವನದೇ ಒಂದು ಶೇಂಗಾ. ಉಳಿದವೆಲ್ಲ ಊರಾಚೆ ಕೇರಿಯ ಹನುಮನಿಗೆ. ಹಿಡಿದರೆ ಉಡದ ಪಟ್ಟು ಅವನದು. ಎಣಿಸಿದ ಮೇಲೆ ಓಟುಗಳನ್ನೆಲ್ಲ ಹಂಚಿಕೊಂಡು ತಿಂದೆವು.

ತಿಂದ ಮೇಲೆ ನೀರಡಿಕೆ. ನಮ್ಮಜ್ಜಿ ತಂಬಿಗೆ ತಂದಳು. ಒಬ್ಬರಾದ ಮೇಲೊಬ್ಬರು ಕಚ್ಚಿ ಕುಡಿದೆವು. ಹನುಮನ ಸರದಿ ಬಂತು. ಅಜ್ಜಿ ತಂಬಿಗೆ ಕಸಿದುಕೊಂಡು, "ಬೊಗಸೆ ಹಿಡಿಯೋ" ಎಂದು ಮೇಲಿಂದ ಸುರಿದಳು.

ಹನುಮ ಕುಡಿಯಲಿಲ್ಲ. ನೀರು ಬೆರಳ ಸಂದಿಯಲ್ಲಿ ಸೋರಿಹೋಯಿತು. "ಕ್ಯಾಪ್ಟನ್ ಆಗಾಕೆ ನಾ ಬೇಕು, ತಂಬಿಗೆ ಮುಟ್ಟಾಕೆ ಬ್ಯಾಡ. ನಿಮ್ಮ ಕ್ಯಾಪ್ಟನ್‌ಗಿರಿ ನೀವೇ ಇಟ್ಕಳ್ರಪ್ಪ" ಎಂದು ಎದ್ದ.

ಅವನಿಲ್ಲದೆ ಹರಿಹರಕ್ಕೆ ಹೋಗುವುದೆಂದರೆ ಮಣ್ಣು ಮುಕ್ಕಲು ಹೋದಂತೆಯೇ. ಆಗ ಸೋತ ಬಸವರಾಜನೇ ಬೊಗಸೆ ಒಡ್ಡಿ ಕುಂತ.

"ಅಜ್ಜಿ, ನಂಗೂ ಮ್ಯಾಲಿಂದ ಹಾಕು."

"ನೀ ಯಾರ ಮಗ ಅಂತ ನೆಪ್ಪೈತೇನೋ?"

"ನಾನು ಹನುಮನ ಟೀಮು, ಅಜ್ಜಿ."

ಎಲ್ಲರೂ ಸಾಲಾಗಿ ಬೊಗಸೆ ಒಡ್ಡಿದೆವು. ಕುಡಿದವನು ಮತ್ತೆ ಸಾಲಿನ ಕೊನೆಗೆ. ಅಜ್ಜಿ ಸುರಿದೇ ಸುರಿದಳು. ಆಮೇಲೆ ಸೊಂಟ ಹಿಡಿದುಕೊಂಡು, "ಹೊಟ್ಟೆ ಐತೋ ಹೊಂಡ ಐತೋ? ನನ್ನ ರಟ್ಟೆ ಬಿದ್ದೋತು" ಎಂದು ತಂಬಿಗೆಯನ್ನು ಹನುಮನ ಮುಂದೆ ಕುಕ್ಕಿದಳು. "ತಗೋ, ಈ ಮಂಗ್ಯಾಗಳಿಗೆ ನೀನೇ ಕುಡಿಸು. ಕ್ಯಾಪ್ಟನ್ ಅಂತಲ್ಲೋ ನೀನು."

ಹನುಮ ಮೊದಲು ತಾನು ಕುಡಿದ. ಕಚ್ಚಿಕೊಂಡೇ, ಗಟಗಟ.

ಹರಿಹರದಲ್ಲಿ ಸೋತೇ ಬಂದೆವು. ಕ್ಯಾಪ್ಟನ್ ಬದಲಿಸುವ ಮಾತನ್ನು ಬಸವರಾಜನೂ ಎತ್ತಲಿಲ್ಲ.

ಈಗ ವಿನೋಬನಗರದ ನನ್ನ ಮನೆ ಮುಂದೆ ಆಡುವ ಮಕ್ಕಳಿಗೆ ತಲೆಗೊಂದು ನೀರಿನ ಬಾಟಲಿ. ಯಾರೂ ಯಾರ ಮುಂದೂ ಬೊಗಸೆ ಒಡ್ಡಬೇಕಿಲ್ಲ, ಒಳ್ಳೆಯದೇ. ಹನುಮ ಬಂದ ದಿನ ಮಾತ್ರ ನಾನು ತಂಬಿಗೆ ತರಿಸುತ್ತೇನೆ. ಅವನು ಕುಡಿದು ನನಗೆ ದಾಟಿಸಿದರೆ ಮೊಮ್ಮಕ್ಕಳು ಮೂಗು ಮುರಿಯುತ್ತವೆ: "ಅಜ್ಜ, ಅದು ಎಂಜಲು."

ಹನುಮ ಬಾಯಿ ಒರೆಸಿಕೊಂಡು ನಗುತ್ತಾನೆ. "ನಿಮ್ಮಜ್ಜನ ಅಜ್ಜಿ ಆವಾಗ್ಲೇ ಹೇಳಿ ಸೋತ್ಲು, ಬಿಡ್ರೋ."